ಮಕ್ಕಳ ಕಾರ್ಟೂನ್: ನಗುವಿನ ಹಿಂದೆ ಏನಿದೆ?



ಅಡುಗೆ ಮುಗಿಯೋವರೆಗೂ ಮಗು ಸುಮ್ಮನಿರಲಿ ಅಂತ ಕಾರ್ಟೂನ್ ಹಾಕಿ ಕೊಡುತ್ತೇವೆ. 'ಕಾರ್ಟೂನ್ ತಾನೇ, ಏನಾಗುತ್ತೆ?' ಎನ್ನುತ್ತೇವೆ. ಆದರೆ ಕೆಲವು ಕಾರ್ಟೂನ್‌ಗಳಲ್ಲಿ ರಾಜಕೀಯವೂ ಇರುತ್ತದೆ. ಯಾರು ನಮ್ಮವರು, ಯಾರು ಶತ್ರುಗಳು ಎಂಬುದನ್ನು ಅವು ನಗಿಸುತ್ತಲೇ ಕಲಿಸುತ್ತವೆ.

ಎರಡನೇ ಮಹಾಯುದ್ಧದ ಕಾಲದ ಒಂದು ಉದಾಹರಣೆ ನೋಡಿ. 1944ರಲ್ಲಿ ಅಮೆರಿಕದಲ್ಲಿ ಬಗ್ಸ್ ಬನ್ನಿ ಎಂಬ ಮೊಲದ ಒಂದು ಕಾರ್ಟೂನ್ ಬಂತು. ಅದು ಗೇಲಿ ಮಾಡಿದ್ದು ಯುದ್ಧ ಮಾಡಿಸಿದ ನಾಯಕರನ್ನಲ್ಲ, ಜಪಾನಿ ಜನರ ಮುಖ, ಹಲ್ಲು, ಮಾತನ್ನು. ಅದೇ ಹೊತ್ತಿನಲ್ಲಿ ಅಮೆರಿಕದಲ್ಲಿ ಜಪಾನಿ ಮೂಲದ ಸಾವಿರಾರು ಕುಟುಂಬಗಳು ಮಕ್ಕಳ ಸಮೇತ ತಂತಿಬೇಲಿಯ ಶಿಬಿರಗಳಲ್ಲಿದ್ದವು. 1942ರಿಂದ ಹೀಗೆ ಕೂಡಿಹಾಕಿದ್ದು ಸುಮಾರು 1,20,000 ಜನರನ್ನು. ಹೆಚ್ಚಿನವರು ಆ ದೇಶದ ಪ್ರಜೆಗಳೇ. ಸರ್ಕಾರ ಕ್ಷಮೆ ಕೇಳಿದ್ದು 1988ರಲ್ಲಿ. ಕಾರ್ಟೂನಿನಿಂದಲೇ ಹೀಗಾಯಿತು ಎಂದಲ್ಲ. ಆದರೆ ಒಂದು ಜನಾಂಗವನ್ನೇ ನೋಡಿ ನಗುವುದು ಅಭ್ಯಾಸವಾದರೆ, ಅವರ ಕಣ್ಣೀರು ನಮಗೆ ಕಾಣುವುದಿಲ್ಲ.

ಇನ್ನೊಂದು, 1954ರ 'ಅನಿಮಲ್ ಫಾರ್ಮ್'. ಜಾರ್ಜ್ ಆರ್ವೆಲ್ ಬರೆದ ಕಾದಂಬರಿಯ ಕಾರ್ಟೂನ್ ಸಿನಿಮಾ. ಪ್ರಾಣಿಗಳು ಯಜಮಾನನನ್ನು ಓಡಿಸುತ್ತವೆ. ಆಮೇಲೆ ಹಂದಿಗಳೇ ಯಜಮಾನರಾಗಿ, ಗೋಡೆಯ ಮೇಲೆ ಬರೆದ ನಿಯಮಗಳನ್ನು ಒಂದೊಂದಾಗಿ ತಿದ್ದುತ್ತವೆ. ಪುಸ್ತಕದ ಕೊನೆಯಲ್ಲಿ ಹಂದಿ ಯಾವುದು, ಮನುಷ್ಯ ಯಾರು ಎಂದೇ ತಿಳಿಯುವುದಿಲ್ಲ. ಸಿನಿಮಾದಲ್ಲಿ ಪ್ರಾಣಿಗಳು ಮತ್ತೆ ದಂಗೆಯೇಳುತ್ತವೆ. ಈ ಸಿನಿಮಾಕ್ಕೆ ಅಮೆರಿಕದ ಗುಪ್ತಚರ ಸಂಸ್ಥೆ ಸಿ.ಐ.ಎ. ಗುಟ್ಟಾಗಿ ಹಣ ಕೊಟ್ಟಿತ್ತು. ದುಡಿದು ಸೋತ ಕುದುರೆಯನ್ನು ಸಾಯಿಸಲು ಕಳಿಸುವ ದೃಶ್ಯವಿದೆ, ಪುಟ್ಟ ಮಕ್ಕಳಿಗೆ ಬೇಡ. ಹೈಸ್ಕೂಲು ಮಕ್ಕಳ ಜೊತೆ ಕೂತು ನೋಡಬಹುದು. ಸಂಘದ ನಿಯಮ, ಲೆಕ್ಕದ ಪುಸ್ತಕವನ್ನು ಎಲ್ಲರೂ ಏಕೆ ಓದಿ ನೋಡಬೇಕು ಎಂಬುದು ನಮಗೂ ಅರ್ಥವಾಗುತ್ತದೆ!

ಮಕ್ಕಳಿಗೆ ತೋರಿಸುವ ಮೊದಲು ಹತ್ತು ನಿಮಿಷ ನಾವೇ ನೋಡಿ, ಇವನ್ನು ಕೇಳಿಕೊಳ್ಳೋಣ:

1. ಗೇಲಿ ಯಾರ ಮೇಲೆ? ಅಧಿಕಾರದಲ್ಲಿರುವವನ ತಪ್ಪಿನ ಮೇಲೋ, ಒಂದು ಜಾತಿ, ಧರ್ಮ, ಭಾಷೆ, ಬಣ್ಣದ ಮೇಲೋ?
2. ಕೆಟ್ಟವರೆಲ್ಲ ಒಂದೇ ತರಹದ ಬಟ್ಟೆ, ಒಂದೇ ತರಹದ ಹೆಸರಿನವರೇ?
3. ಜಗಳ ಬಗೆಹರಿಯುವುದು ಮಾತಿನಿಂದಲೋ, ಹೊಡೆತದಿಂದಲೋ?
4. ಮಾಡಿದವರು ಯಾರು, ದುಡ್ಡು ಯಾರದು?

ನೋಡಿದ ಮೇಲೆ ಟಿ.ವಿ. ಆರಿಸಿ ಮಗುವನ್ನು ಕೇಳಿ: 'ಅವನ ಜಾಗದಲ್ಲಿ ನೀನಿದ್ದಿದ್ರೆ ಹೇಗನಿಸ್ತಿತ್ತು?' ಬೈದು ಬಂದ್ ಮಾಡಿದರೆ ಮಗು ಕದ್ದು ನೋಡುತ್ತದೆ. ಜೊತೆಗೆ ಕೂತು ಕೇಳಿದರೆ ಯೋಚಿಸುತ್ತದೆ. ಮುಂದಿನ ವಾರದ ಸಭೆಯಲ್ಲಿ, ನಿಮ್ಮ ಮಕ್ಕಳು ಏನು ನೋಡುತ್ತಾರೆ ಎಂಬುದನ್ನು ಒಬ್ಬೊಬ್ಬರೂ ಹೇಳಿ.