ಟಾಮ್ ಹ್ಯಾಂಕ್ಸ್ ನಾಟಕ ಕಲಿತ ಊರ ಕಾಲೇಜು

ಸತತ ಎರಡು ವರ್ಷ ಅತ್ಯುತ್ತಮ ನಟ ಆಸ್ಕರ್ ಗೆದ್ದ ಟಾಮ್ ಹ್ಯಾಂಕ್ಸ್ ಕಾಲೇಜು ಸೇರಿದ್ದೆಲ್ಲಿ ಗೊತ್ತಾ? ಕ್ಯಾಲಿಫೋರ್ನಿಯಾದ ಹೇವರ್ಡ್‌ನಲ್ಲಿರೋ ಶಬೋ ಅನ್ನೋ ಕಮ್ಯೂನಿಟಿ ಕಾಲೇಜು. ಅಂಕ ಕಮ್ಮಿ. ಸೀಟು ಸಿಗಲ್ಲ ಅಂತ ಗೊತ್ತಿದ್ದೂ ಎಂಐಟಿಗೂ ಅಂಕಪಟ್ಟಿ ಕಳಿಸಿದ್ದರಂತೆ, ಧೈರ್ಯ ನೋಡಿ!

ಶಬೋದಲ್ಲಿ ಆಗ ಓದು ಉಚಿತ. ಒಂದು ತರಗತಿಯಲ್ಲಿ ಮೊದಲು ನಾಟಕ ಓದೋದು, ಆಮೇಲೆ ರಂಗಮಂದಿರಕ್ಕೆ ಹೋಗಿ ಅದೇ ನಾಟಕ ನೋಡೋದು. ಮುಂದೆ ಸ್ಯಾಕ್ರಮೆಂಟೋದ ಸರ್ಕಾರಿ ವಿಶ್ವವಿದ್ಯಾಲಯಕ್ಕೆ ಹೋದರು. ಅವರ 2011ರ ‘ಲ್ಯಾರಿ ಕ್ರೌನ್’ ಸಿನಿಮಾಕ್ಕೂ ಶಬೋನೇ ಪ್ರೇರಣೆ.

ಇಂಥ ಕಾಲೇಜುಗಳಲ್ಲಿ ಬರೀ ನಟನೆ ಅಲ್ಲ. ಬೆಳಕು, ವಸ್ತ್ರ, ರಂಗಸಜ್ಜಿಕೆ, ನೃತ್ಯ, ಸಂಗೀತ ಎಲ್ಲ ಇರುತ್ತೆ. ಎಷ್ಟೋ ಕಡೆ ನಾಟಕದ ತಾಲೀಮಿಗೂ ಕ್ರೆಡಿಟ್ ಉಂಟು! ಎರಡು ವರ್ಷ ಇಲ್ಲಿ ಓದಿ, ಉಳಿದಿದ್ದನ್ನ ವಿಶ್ವವಿದ್ಯಾಲಯದಲ್ಲಿ ಮುಗಿಸಬಹುದು. ದುಡ್ಡು ಉಳಿಸೋಕೆ ನನ್ನ ಪ್ರಕಾರ ಇದಕ್ಕಿಂತ ಜಾಣ ದಾರಿ ಇಲ್ಲ.

ಅಮೆರಿಕದ ಕನ್ನಡಿಗರೇ, ಮಗಳು ನಾಟಕ ಓದ್ತೀನಿ ಅಂದ್ರೆ ಗಾಬರಿ ಬೇಡ. ನಿಮ್ಮೂರ ಕಮ್ಯೂನಿಟಿ ಕಾಲೇಜಿನ ಕೋರ್ಸ್ ಪಟ್ಟಿ ನೋಡಿ. ಯಾವ ಕ್ರೆಡಿಟ್ ಮುಂದಿನ ವಿಶ್ವವಿದ್ಯಾಲಯದಲ್ಲಿ ಲೆಕ್ಕಕ್ಕೆ ಬರುತ್ತೆ ಅನ್ನೋದನ್ನ ಮಾತ್ರ ಸೇರೋಕೆ ಮುಂಚೆನೇ ಕೇಳ್ಕೊಳ್ಳಿ.