ಬೀಗ ಬಿದ್ದ ಫೋಲ್ಡರು: ಮೊದಲು ಪಡಿಯಚ್ಚು, ಆಮೇಲೆ ಓದು

ಈ ಸಲ ಕಲ್ಲಿನ ಬರಹದ ಬಗ್ಗೆ ಅಲ್ಲ, ಕಲ್ಲುಗಳ ಚಿತ್ರ ತುಂಬಿಟ್ಟಿದ್ದ ಒಂದು ಫೋಲ್ಡರಿನ ಬಗ್ಗೆ ಬರೆಯುತ್ತಿದ್ದೇನೆ. ನಮ್ಮಲ್ಲಿ ಬಹಳಷ್ಟು ಜನ ಕ್ಷೇತ್ರಕಾರ್ಯದ ಚಿತ್ರಗಳನ್ನು ಮನೆಯ ಹಳೇ ಕಂಪ್ಯೂಟರಿನಲ್ಲೇ ಇಟ್ಟಿರುತ್ತೇವೆ. ಹಾಗಾಗಿ ಇದು ಇಲ್ಲಿಗೆ ಹೊರಗಿನ ವಿಷಯವೇನಲ್ಲ.

ಗುಂಡ್ಲುಪೇಟೆಯ ನಿವೃತ್ತ ಮೇಷ್ಟ್ರೊಬ್ಬರು ನಮ್ಮ ತಿರುಗಾಟದ ಹಳೆಯ ಜೊತೆಗಾರರು. ಹಂಗಳ, ಕಣಿಯನಪುರ, ಬೇರಂಬಾಡಿ ಕಡೆ, ಬಂಡೀಪುರದ ಕಾಡಂಚಿನ ಹಳ್ಳಿಗಳಲ್ಲಿ ಓಡಾಡಿ ವೀರಗಲ್ಲು, ಮಾಸ್ತಿಕಲ್ಲು, ತುಂಡು ಶಾಸನಗಳ ಚಿತ್ರ ತೆಗೆದಿಟ್ಟವರು. ಅವರ ಕಂಪ್ಯೂಟರಿನ ಮದರ್‌ಬೋರ್ಡ್ ಒಂದು ದಿನ ಸುಟ್ಟುಹೋಯಿತು. ಹಾರ್ಡ್‌ಡಿಸ್ಕ್ ಬಿಚ್ಚಿ ಮೊಮ್ಮಗನ ಲ್ಯಾಪ್‌ಟಾಪಿಗೆ ಸಿಕ್ಕಿಸಿದರೆ ಡಿಸ್ಕ್ ಕಾಣಿಸುತ್ತದೆ, ಫೋಲ್ಡರೂ ಕಾಣಿಸುತ್ತದೆ, ಆದರೆ ತೆರೆಯೋದಿಲ್ಲ. ‘ಅನುಮತಿ ಇಲ್ಲ’ ಅನ್ನುತ್ತದೆ. ರಿಪೇರಿ ಅಂಗಡಿಯಲ್ಲಿ ಕೊಟ್ಟ ಸಲಹೆ: ಫಾರ್ಮ್ಯಾಟ್ ಮಾಡಿಬಿಡಿ, ಡಿಸ್ಕ್ ಚೆನ್ನಾಗಿದೆ, ಇನ್ನೂ ಬಳಸಬಹುದು.

“ನಾನೆಲ್ಲಪ್ಪ ಬೀಗ ಹಾಕ್ದೆ? ನನಗೆ ಹಾಕೋಕೇ ಬರಲ್ಲ,” ಅಂದರು ಮೇಷ್ಟ್ರು, ಡಿಸ್ಕನ್ನು ಬಟ್ಟೆಚೀಲದಿಂದ ತೆಗೆದು ನನ್ನ ಮುಂದಿಡುತ್ತಾ. ಅವರು ಹೇಳಿದ್ದು ನಿಜವೇ ಆಗಿತ್ತು, ಮುಕ್ಕಾಲು ಪಾಲು.

ಅದನ್ನು ಕಳಕೊಂಡರೆ ಏನು ಹೋಗುತ್ತದೆ ಅಂತ ಕೇಳಬಹುದು. ಗುಂಡ್ಲುಪೇಟೆ ತಾಲ್ಲೂಕಿನ ಶಾಸನಗಳು ಬಿ.ಎಲ್. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕಾ ನಾಲ್ಕನೇ ಸಂಪುಟದಲ್ಲಿ 1898ರಲ್ಲೇ ಅಚ್ಚಾಗಿವೆ. ಮೈಸೂರು ವಿಶ್ವವಿದ್ಯಾನಿಲಯದ ಪರಿಷ್ಕೃತ ಆವೃತ್ತಿಯಲ್ಲಿ ಮೂರನೇ ಸಂಪುಟಕ್ಕೆ ಬಂದಿವೆ. ಆದರೆ ಸಂಪುಟದಲ್ಲಿ ಪಾಠ ಇರುತ್ತದೆ. ಕಲ್ಲು ಎಲ್ಲಿ, ಯಾವ ಸ್ಥಿತಿಯಲ್ಲಿ ನಿಂತಿತ್ತು ಅನ್ನೋದು ಪೂರ್ತಿ ಇರೋದಿಲ್ಲ. ಬರಹವಿಲ್ಲದ ವೀರಗಲ್ಲುಗಳಿಗಂತೂ ಅಲ್ಲಿ ಜಾಗ ಕಡಿಮೆ. ಇನ್ನು ಬಂಡೀಪುರ 1973ರಿಂದ ಹುಲಿ ಯೋಜನೆಯ ಕಾಡು. ಒಳಗಿನ ಕಲ್ಲನ್ನು ಮತ್ತೊಮ್ಮೆ ನೋಡಬೇಕೆಂದರೆ ಬೈಕು ಹತ್ತಿ ಹೊರಟುಬಿಡೋಕೆ ಆಗಲ್ಲ, ಅರಣ್ಯ ಇಲಾಖೆಯ ಅನುಮತಿ ಬೇಕು. ಅಂಥ ಕಡೆ ಒಮ್ಮೆ ತೆಗೆದ ಚಿತ್ರವೇ ಆಧಾರ.

ಹಾಗಾಗಿ ನಾನು ಮೊದಲು ಮಾಡಿದ್ದು ಬೀಗ ತೆಗೆಯೋ ಕೆಲಸ ಅಲ್ಲ. ಶಾಸನ ಓದುವವರು ಕಲ್ಲಿನ ಮೇಲೆ ಉಳಿ ಇಟ್ಟು ಅಕ್ಷರ ಬಿಡಿಸಿಕೊಳ್ಳೋದಿಲ್ಲ. ತೊಳೆದು, ಒದ್ದೆ ಕಾಗದ ಹಾಸಿ, ಬ್ರಷ್‌ನಿಂದ ಬಡಿದು, ಮಸಿ ಒತ್ತಿ ಪಡಿಯಚ್ಚು ತೆಗೆದು, ಓದುವ ಗುದ್ದಾಟವನ್ನೆಲ್ಲ ಕಾಗದದ ಮೇಲೆ ಮಾಡುತ್ತಾರೆ. ಡಿಸ್ಕಿಗೂ ಇದೇ ಕ್ರಮ. ಇಡೀ ಡಿಸ್ಕನ್ನು, ಫೋಲ್ಡರು ಫೈಲು ಅಂತ ನೋಡದೆ, ಮೊದಲ ಬಿಟ್‌ನಿಂದ ಕೊನೆಯ ಬಿಟ್‌ವರೆಗೆ ಅಷ್ಟೇ ಅಥವಾ ಅದಕ್ಕಿಂತ ದೊಡ್ಡ ಇನ್ನೊಂದು ಖಾಲಿ ಡಿಸ್ಕಿಗೆ ನಕಲು ಮಾಡಬೇಕು. ಅದಕ್ಕೆ ಬೀಗ ಅಡ್ಡ ಬರೋದಿಲ್ಲ. ಪಡಿಯಚ್ಚಿಗೆ ಲಿಪಿ ಗೊತ್ತಿರಬೇಕಾಗಿಲ್ಲವಲ್ಲ, ಹಾಗೆ.

ಲಿನಕ್ಸ್ ಹಾಕಿದ ಪೆನ್‌ಡ್ರೈವಿನಿಂದ ಕಂಪ್ಯೂಟರ್ ಶುರು ಮಾಡಿ, ‘ಡಿಡಿರೆಸ್ಕ್ಯೂ’ ಎಂಬ ಉಚಿತ ತಂತ್ರಾಂಶದಿಂದ ಇದನ್ನು ಮಾಡಿದೆ. ಸಾಮಾನ್ಯ ಕಾಪಿ ಕೆಟ್ಟ ಜಾಗ ಸಿಕ್ಕ ಕಡೆ ಮುಗ್ಗರಿಸಿ ನಿಲ್ಲುತ್ತದೆ. ಇದು ಚೆನ್ನಾಗಿರುವ ಭಾಗವನ್ನೆಲ್ಲ ಮೊದಲು ಎತ್ತಿಕೊಂಡು, ಸವೆದ ಜಾಗಗಳಿಗೆ ಆಮೇಲೆ ವಾಪಸ್ ಬರುತ್ತದೆ. ಎಲ್ಲಿ ಎಷ್ಟು ಬಾಕಿ ಎಂದು ಒಂದು ನಕ್ಷೆ ಫೈಲಿನಲ್ಲಿ ಬರೆದಿಟ್ಟುಕೊಳ್ಳುತ್ತದೆ, ನಡುವೆ ಕರೆಂಟ್ ಹೋದರೂ ಅಲ್ಲಿಂದಲೇ ಮುಂದುವರಿಯುತ್ತದೆ. ಎಚ್ಚರ ಬೇಕಾದ್ದು ಒಂದೇ ಕಡೆ: ಮೂಲ ಯಾವುದು, ನಕಲು ಯಾವುದು. ಅದಲುಬದಲಾದರೆ ಖಾಲಿ ಡಿಸ್ಕಿನ ಪಡಿಯಚ್ಚು ಮೂಲದ ಮೇಲೆ ಬೀಳುತ್ತದೆ. ನಾನು ಡಿಸ್ಕಿನ ಗಾತ್ರ, ಕಂಪನಿ ಹೆಸರು, ಸೀರಿಯಲ್ ಸಂಖ್ಯೆ ಮೂರನ್ನೂ ಚೀಟಿಯಲ್ಲಿ ಬರೆದು ಎರಡು ಸಲ ನೋಡಿಕೊಂಡೇ ಎಂಟರ್ ಒತ್ತಿದ್ದು.

ಇದನ್ನು ಇಷ್ಟು ಹೇಳಲು ಕಾರಣವಿದೆ. ಫೋಲ್ಡರು ತೆರೆಯದಿದ್ದಾಗ ಎಲ್ಲರೂ ಕೊಡುವ ಸಲಹೆ ‘ಚೆಕ್‌ಡಿಸ್ಕ್ ಓಡಿಸಿ’ ಅಂತ. ಚೆಕ್‌ಡಿಸ್ಕ್‌ಗೆ ಮುಖ್ಯ ಡಿಸ್ಕಿನ ಲೆಕ್ಕ ಸರಿಯಾಗೋದು, ನಿಮ್ಮ ಚಿತ್ರ ಉಳಿಯೋದಲ್ಲ. ದಿಕ್ಕು ತಪ್ಪಿದ ತುಣುಕುಗಳನ್ನು ಹೆಸರು ಕಳಚಿ, ಬರೀ ಸಂಖ್ಯೆ ಕೊಟ್ಟು ಇನ್ನೊಂದು ಫೋಲ್ಡರಿಗೆ ತುಂಬಿಬಿಡಬಹುದು. ಸಾಯುತ್ತಿರುವ ಡಿಸ್ಕಾದರೆ ಆ ಓಡಾಟದಲ್ಲೇ ಅದು ಪೂರ್ತಿ ನಿಂತೂಹೋಗಬಹುದು. ನಕಲಿನ ಮೇಲೆ ಏನು ಬೇಕಾದರೂ ಮಾಡಿ, ಕೆಟ್ಟರೆ ಇನ್ನೊಂದು ನಕಲು ತೆಗೆದರಾಯ್ತು.

ಇನ್ನು ಬೀಗಕ್ಕೆ ಬರೋಣ. ತೆರೆಯದ ಫೋಲ್ಡರೆಲ್ಲ ಒಂದೇ ಕಾರಣಕ್ಕೆ ತೆರೆಯದೆ ಇರೋದಿಲ್ಲ. ಪರದೆ ಮೇಲೆ ಬರುವ ಮಾತನ್ನು ಅಕ್ಷರಶಃ ಓದಿಕೊಳ್ಳಿ, ಫೋನಿನಲ್ಲಿ ಚಿತ್ರ ತೆಗೆದಿಟ್ಟುಕೊಂಡರೆ ಇನ್ನೂ ಒಳ್ಳೆಯದು. ‘ಅನುಮತಿ ಇಲ್ಲ’ ಅಂದರೆ ಒಂದು ಕಥೆ. ‘ಓದಲಾಗುತ್ತಿಲ್ಲ, ಹಾಳಾಗಿದೆ’ ಅಂದರೆ ಬೇರೆ ಕಥೆ. ಎರಡನೆಯದು ಬಂದರೆ, ಅಥವಾ ಡಿಸ್ಕ್ ಟಿಕ್ ಟಿಕ್ ಸದ್ದು ಮಾಡುತ್ತಿದ್ದರೆ, ತಕ್ಷಣ ನಿಲ್ಲಿಸಿ. ಸದ್ದು ಮಾಡುವ ಡಿಸ್ಕಿನ ನಕಲನ್ನೂ ಮನೆಯಲ್ಲಿ ಮಾಡಹೋಗಬಾರದು, ಅದು ದತ್ತಾಂಶ ಎತ್ತಿಕೊಡುವ ಪ್ರಯೋಗಾಲಯದವರ ಕೆಲಸ.

ಮೇಷ್ಟ್ರದ್ದು ಮೊದಲ ಕಥೆ. ವಿಂಡೋಸ್ ಪ್ರತಿಯೊಂದು ಫೋಲ್ಡರಿನ ಜೊತೆ ಅದರ ಒಡೆಯ ಯಾರು, ಯಾರಿಗೆಲ್ಲ ಪ್ರವೇಶ ಎಂಬ ಪಟ್ಟಿಯನ್ನು ಡಿಸ್ಕಿನಲ್ಲೇ ಬರೆದಿಡುತ್ತದೆ. ದಾನಶಾಸನ ಇದ್ದ ಹಾಗೆ: ಕಲ್ಲನ್ನು ಹೊಲದಿಂದ ತಂದು ದೇವಸ್ಥಾನದ ಅಂಗಳದಲ್ಲಿ ನಿಲ್ಲಿಸಿದರೂ ಅದರಲ್ಲಿರುವ ದಾನ ಪಡೆದವನ ಹೆಸರು ಬದಲಾಗೋದಿಲ್ಲ. ಆದರೆ ಇಲ್ಲಿ ಹೆಸರು ಬರೆಯೋದಿಲ್ಲ, ಸಂಖ್ಯೆ ಬರೆಯುತ್ತದೆ. ‘ಎಸ್-1-5-21’ ಎಂದು ಶುರುವಾಗಿ ಮೂರು ಉದ್ದದ ಸಂಖ್ಯೆ, ಕೊನೆಗೆ 1001ರಂಥ ಒಂದು ಚಿಕ್ಕ ಸಂಖ್ಯೆ. ಆ ಉದ್ದದ ಭಾಗ ಆ ಕಂಪ್ಯೂಟರಿನದೇ. ಹೊಸ ಕಂಪ್ಯೂಟರಿನಲ್ಲಿ ಅದೇ ಹೆಸರಿನ ಖಾತೆ ಮಾಡಿದರೂ ಸಂಖ್ಯೆ ಬೇರೆ. ಮೈಸೂರು ಒಡೆಯರಲ್ಲಿ ಚಾಮರಾಜ ಅಂತ ಎಷ್ಟು ಜನ ಇದ್ದಾರೆ ಎಂದು ಗೊತ್ತಿರುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹೊಸ ಯಂತ್ರಕ್ಕೆ ಆ ಸಂಖ್ಯೆ ಯಾರದೆಂದು ಗೊತ್ತಾಗದೆ ‘ಅಪರಿಚಿತ ಖಾತೆ’ ಎಂದು ತೋರಿಸಿ ಬಾಗಿಲು ಹಾಕಿಕೊಳ್ಳುತ್ತದೆ. ಯಾರೂ ಬೀಗ ಹಾಕಿಲ್ಲ. ಗುರುತು ಸಿಗುತ್ತಿಲ್ಲ, ಅಷ್ಟೇ.

ಇದಕ್ಕೆ ಪರಿಹಾರ ಒಡೆತನ ಬದಲಿಸುವುದು. ಅಡ್ಮಿನಿಸ್ಟ್ರೇಟರ್ ಹಕ್ಕಿರುವ ಖಾತೆಯಿಂದ ಫೋಲ್ಡರಿನ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್, ಅದರಲ್ಲಿ ಸೆಕ್ಯೂರಿಟಿ, ಅದರಲ್ಲಿ ಅಡ್ವಾನ್ಸ್ಡ್‌ಗೆ ಹೋಗಿ. ಮೇಲ್ಗಡೆ ಓನರ್ ಎಂದಿರುವ ಸಾಲಿನಲ್ಲಿ ಚೇಂಜ್ ಒತ್ತಿ ನಿಮ್ಮ ಖಾತೆಯ ಹೆಸರು ಕೊಡಿ. ಒಳಗಿನ ಎಲ್ಲ ಫೋಲ್ಡರು, ಫೈಲುಗಳಿಗೂ ಒಡೆಯನನ್ನು ಬದಲಿಸುವ ಚೌಕಕ್ಕೆ ಗುರುತು ಹಾಕಿ, ಅಪ್ಲೈ ಮಾಡಿ. ಕಿಟಕಿ ಮುಚ್ಚಿ ಮತ್ತೆ ತೆರೆದು, ಅದೇ ಜಾಗದಲ್ಲಿ ಆ್ಯಡ್ ಒತ್ತಿ ನಿಮಗೆ ಫುಲ್ ಕಂಟ್ರೋಲ್ ಕೊಟ್ಟುಕೊಳ್ಳಿ. ಒಡೆತನ ಬೇರೆ, ಪ್ರವೇಶ ಬೇರೆ. ಬಹಳ ಜನ ಮೊದಲ ಹೆಜ್ಜೆಗೇ ನಿಲ್ಲಿಸಿ ‘ಆಗಲಿಲ್ಲ’ ಅನ್ನುತ್ತಾರೆ. ಇದನ್ನು ನಿಮಗೆ ಬೇಕಾದ ಫೋಲ್ಡರಿಗೆ ಮಾತ್ರ ಮಾಡಿ. ವಿಂಡೋಸ್ ಇರುವ ಇಡೀ ಸಿ ಡ್ರೈವಿಗೆ ಮಾಡಿದರೆ ಆ ವಿಂಡೋಸ್ ಮತ್ತೆ ಸರಿಯಾಗಿ ಏಳೋದು ಕಷ್ಟ. ಆ ಹಳೇ ವಿಂಡೋಸ್ ನಮಗೆ ಇನ್ನೂ ಬೇಕಾಗಿತ್ತು, ಅದು ಮುಂದೆ ಗೊತ್ತಾಗುತ್ತದೆ.

ಇಷ್ಟಕ್ಕೆ ಹೆಚ್ಚಿನ ಚಿತ್ರಗಳು ತೆರೆದುಕೊಂಡವು. ಮೇಷ್ಟ್ರು ಪಕ್ಕದಲ್ಲೇ ಕೂತು ಒಂದೊಂದು ಕಲ್ಲಿಗೂ ಆ ದಿನ ಊಟ ಎಲ್ಲಿ ಮಾಡಿದ್ದೆವು ಅಂತ ಹೇಳುತ್ತಾ ಹೋದರು. ಆದರೆ ಒಳಗಿನ ಒಂದು ಉಪಫೋಲ್ಡರು, ಕಾಡಿನ ಒಳಗಡೆಯದ್ದೇ, ಒಡೆತನ ಬದಲಾಗಿ ಹೆಸರುಗಳೆಲ್ಲ ಕಂಡರೂ ಒಂದು ಚಿತ್ರವೂ ತೆರೆಯಲಿಲ್ಲ. ಸೂಕ್ಷ್ಮವಾಗಿ ನೋಡಿದರೆ ಪ್ರತಿ ಚಿತ್ರದ ಮೂಲೆಯಲ್ಲಿ ಒಂದು ಪುಟ್ಟ ಬೀಗದ ಗುರುತು. ಇದು ನಿಜವಾದ ಬೀಗ. ವಿಂಡೋಸಿನ ಪ್ರೊಫೆಷನಲ್ ಆವೃತ್ತಿಗಳಲ್ಲಿ ಫೋಲ್ಡರನ್ನು ಗೂಢಲಿಪಿಗೆ ತಿರುಗಿಸುವ ಒಂದು ಚೌಕವಿದೆ. ಯಾವಾಗಲೋ ಯಾರೋ ‘ಸುರಕ್ಷಿತವಾಗಿರಲಿ’ ಅಂತ ಅದಕ್ಕೆ ಗುರುತು ಹಾಕಿದ್ದರು. ಮೇಷ್ಟ್ರು ಮೊಮ್ಮಗನ ಕಡೆ ನೋಡಿದರು. ಮೊಮ್ಮಗ ಗೋಡೆ ಕಡೆ ನೋಡಿದ.

ಇಲ್ಲಿ ಒಡೆತನ ಬದಲಿಸಿ ಏನೂ ಪ್ರಯೋಜನವಿಲ್ಲ. ಕಲ್ಲು ನಿಮ್ಮ ಮನೆಗೆ ಬಂದಿದೆ, ಲಿಪಿ ಮಾತ್ರ ಬೇರೆ. ಅದನ್ನು ಓದುವ ಕೀಲಿ ಹಳೆಯ ಖಾತೆಯೊಳಗೇ, ಅದೇ ಡಿಸ್ಕಿನಲ್ಲೇ ಇರುತ್ತದೆ, ಮತ್ತು ಆ ಖಾತೆಯ ಪಾಸ್‌ವರ್ಡಿಗೆ ಕಟ್ಟಿರುತ್ತದೆ. ಅಂಗಡಿಯ ಸಲಹೆಯಂತೆ ಫಾರ್ಮ್ಯಾಟ್ ಮಾಡಿದ್ದರೆ, ಚಿತ್ರಗಳನ್ನು ಬೇರೆ ಕಡೆ ನಕಲು ಮಾಡಿಟ್ಟುಕೊಂಡಿದ್ದರೂ ಸಹ, ಕೀಲಿ ಹೋಗಿರುತ್ತಿತ್ತು. ಪಾಸ್‌ವರ್ಡ್ ಮರೆತು ಇನ್ನೊಂದು ಅಡ್ಮಿನಿಸ್ಟ್ರೇಟರ್ ಖಾತೆಯಿಂದ ಬಲವಂತವಾಗಿ ಬದಲಿಸಿದರೂ ಕೀಲಿ ಕೈತಪ್ಪುತ್ತದೆ. ಇದು ಗೊತ್ತಿಲ್ಲದೆ ಕಳಕೊಂಡವರೇ ಜಾಸ್ತಿ.

ನಾವು ಮಾಡಿದ್ದು ಇಷ್ಟು: ನಕಲು ಡಿಸ್ಕನ್ನು ಅದೇ ತಲೆಮಾರಿನ ಇನ್ನೊಂದು ಕಂಪ್ಯೂಟರಿಗೆ ಹಾಕಿ ಮೇಷ್ಟ್ರ ಹಳೆಯ ವಿಂಡೋಸನ್ನೇ ಎಬ್ಬಿಸಿದೆವು. ಮೂಲವನ್ನು ಜೊತೆಗೆ ಸಿಕ್ಕಿಸಬಾರದು. ಎರಡರ ಗುರುತಿನ ಸಂಖ್ಯೆಯೂ ಒಂದೇ ಆದ್ದರಿಂದ ವಿಂಡೋಸ್ ಗೊಂದಲಕ್ಕೆ ಬೀಳುತ್ತದೆ. ಹೊಸ ಯಂತ್ರದ ಪರಿಚಯ ಮಾಡಿಕೊಳ್ಳಲು ಅದು ಸುಮಾರು ಹೊತ್ತು ತೆಗೆದುಕೊಂಡಿತು, ಆಮೇಲೆ ಪಾಸ್‌ವರ್ಡ್ ಕೇಳಿತು. ಮೇಷ್ಟ್ರು ಅದನ್ನು ಶಾಸನಗಳನ್ನು ಕಣ್ಣಿಂದ ನೋಡಿ ಬರೆದುಕೊಳ್ಳುತ್ತಿದ್ದ ನೋಟ್‌ಬುಕ್ಕಿನ ಹಿಂಬದಿಯಲ್ಲಿ ಬರೆದಿಟ್ಟಿದ್ದರು. ಏನೆಂದು ಇಲ್ಲಿ ಹೇಳೋಲ್ಲ, ಗುಂಡ್ಲುಪೇಟೆಯ ದೇವಸ್ಥಾನಗಳು ಗೊತ್ತಿದ್ದವರಿಗೆ ಎರಡನೇ ಊಹೆಗೇ ಸಿಕ್ಕಿಬಿಡುತ್ತದೆ. ಒಳಗೆ ಹೋದ ತಕ್ಷಣ ಎಲ್ಲ ಚಿತ್ರ ತೆರೆದವು. ಫೋಲ್ಡರಿನ ಪ್ರಾಪರ್ಟೀಸ್, ಜನರಲ್, ಅಡ್ವಾನ್ಸ್ಡ್‌ನಲ್ಲಿದ್ದ ಆ ಚೌಕದ ಗುರುತು ತೆಗೆದುಹಾಕಿದೆವು.

ಈಗಿನ ಲ್ಯಾಪ್‌ಟಾಪುಗಳಲ್ಲಿ ಫೋಲ್ಡರಲ್ಲ, ಇಡೀ ಡಿಸ್ಕಿಗೇ ಬಿಟ್‌ಲಾಕರ್ ಬೀಗ ಇರೋದುಂಟು, ಎಷ್ಟೋ ಸಲ ಮಾಲೀಕರಿಗೇ ಗೊತ್ತಿರೋದಿಲ್ಲ. ಅದಕ್ಕೆ 48 ಅಂಕಿಗಳ ಒಂದು ಕೀಲಿ ಉಂಟು. ಸಾಮಾನ್ಯವಾಗಿ ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿ ಉಳಿದಿರುತ್ತದೆ. ಯಂತ್ರ ಚೆನ್ನಾಗಿರುವಾಗಲೇ ನೋಡಿ ಕಾಗದದ ಮೇಲೆ ಬರೆದಿಡಿ.

ಕೊನೆಯದಾಗಿ ಒಂದು ಪೀಕಲಾಟ, ಕನ್ನಡದಲ್ಲಿ ಫೋಲ್ಡರಿಗೆ ಹೆಸರಿಡುವ ನಮ್ಮಂಥವರಿಗೇ ಹೆಚ್ಚು. ಮೇಷ್ಟ್ರು ಫೋಲ್ಡರಿನೊಳಗೆ ಫೋಲ್ಡರು ಮಾಡಿ, ಹೋಬಳಿ, ಊರು, ದೇವಸ್ಥಾನ, ದಿಕ್ಕು, ಕಾಲ ಎಲ್ಲವನ್ನೂ ಹೆಸರಿನಲ್ಲೇ ತುಂಬಿದ್ದರು. ವಿಂಡೋಸಿನ ಅನೇಕ ತಂತ್ರಾಂಶಗಳು ಇಡೀ ದಾರಿಯ ಹೆಸರು ಸುಮಾರು 260 ಅಕ್ಷರ ದಾಟಿದರೆ ಫೈಲನ್ನು ಮುಟ್ಟೋದಿಲ್ಲ. 260 ಎಂದರೆ ಬಹಳ ಅನಿಸುತ್ತದೆ, ಆದರೆ ಅದು ಎಣಿಸುವ ರೀತಿ ಬೇರೆ. ‘ಗುಂಡ್ಲುಪೇಟೆ’ ನಮ್ಮ ಕಣ್ಣಿಗೆ ನಾಲ್ಕಕ್ಷರ; ಕಂಪ್ಯೂಟರಿಗೆ ವ್ಯಂಜನ, ಸ್ವರಚಿಹ್ನೆ, ಸೊನ್ನೆ, ಒತ್ತಕ್ಷರದ ಹಿಂದಿನ ವಿರಾಮ ಎಲ್ಲ ಬೇರೆ ಬೇರೆ ಲೆಕ್ಕವಾಗಿ ಹನ್ನೊಂದು. ‘ತೆರಕಣಾಂಬಿ’ ಐದಲ್ಲ, ಒಂಬತ್ತು. ಹಾಗಾಗಿ ನಾಲ್ಕೈದು ಫೋಲ್ಡರು ಒಳಗಿಳಿಯೋದರಲ್ಲಿ ಮಿತಿ ಮುಗಿದಿರುತ್ತದೆ. ಮೇಲಿನ ಫೋಲ್ಡರುಗಳ ಹೆಸರನ್ನು ‘ಗು’, ‘ತೆ’ ಎಂದು ಚಿಕ್ಕದು ಮಾಡಿದ ಮೇಲೆ ಉಳಿದವೂ ನಕಲಾದವು.

ಮೂಲ ಡಿಸ್ಕ್ ಈಗ ಮೇಷ್ಟ್ರ ಬೀರುವಿನಲ್ಲಿದೆ, ಒಂದು ಪ್ರತಿ ನನ್ನಲ್ಲಿ, ಇನ್ನೊಂದು ಅವರ ಮಗಳ ಮನೆಯಲ್ಲಿ. ಡಿಸ್ಕಿನ ಸವೆದ ಜಾಗದಲ್ಲಿ ಸಿಕ್ಕಿಕೊಂಡಿದ್ದ ಏಳು ಚಿತ್ರಗಳು ಮಾತ್ರ ಅರ್ಧ ಬಂದು ಕೆಳಗೆ ಬೂದು ಬಣ್ಣವಾಗಿವೆ. ಅದರಲ್ಲಿ ಒಂದು ಮೂರು ಪಟ್ಟಿಕೆಯ ವೀರಗಲ್ಲು. ಮೇಲಿನ ಕೈಲಾಸದ ಪಟ್ಟಿಕೆ ಸ್ಪಷ್ಟವಾಗಿದೆ, ಹೋರಾಟದ ದೃಶ್ಯವಿದ್ದ ಕೆಳಗಿನದು ಇಲ್ಲ. ಮೇಷ್ಟ್ರಿಗೆ ಆ ಕಲ್ಲು ಇರುವ ಜಾಗ ನೆನಪಿದೆ. ಅನುಮತಿಗೆ ಅರ್ಜಿ ಬರೆದಿದ್ದೇವೆ.