ದುಡಿಯುವ ಕಾಲಿಗೆ ಚರ್ಮದ ಬೂಟು: ಆಯ್ಕೆ, ಬಳಕೆ ಮತ್ತು ಆರೈಕೆ

ಮುಂಬಯಿ, ಪುಣೆ, ಹೈದರಾಬಾದುಗಳಲ್ಲಿ ದೊಡ್ಡ ಕಟ್ಟಡಗಳು ಮೇಲೇಳುತ್ತಿರುವ ಕಡೆ ಕನ್ನಡದ ಮಾತು ಕಿವಿಗೆ ಬೀಳುವುದು ಅಪರೂಪವಲ್ಲ. ಕಲಬುರಗಿ, ಯಾದಗಿರಿ, ರಾಯಚೂರು, ವಿಜಯಪುರ ಜಿಲ್ಲೆಗಳಿಂದ ಹೊಟ್ಟೆಪಾಡಿಗಾಗಿ ಬಂದ ಕುಟುಂಬಗಳು ಅಲ್ಲಿ ಗಾರೆ ಕಲಸುತ್ತವೆ, ಕಬ್ಬಿಣ ಕಟ್ಟುತ್ತವೆ, ಇಟ್ಟಿಗೆ ಹೊರುತ್ತವೆ. ಇಂತಹ ಸ್ಥಳಗಳಲ್ಲಿ ಕೊಟ್ಟ ಬೂಟುಗಳು ತಗಡಿನ ಶೆಡ್ಡಿನ ಮೂಲೆಯಲ್ಲಿ ಬಿದ್ದಿರುವುದೂ, ಕಾರ್ಮಿಕರು ಹವಾಯಿ ಚಪ್ಪಲಿಯಲ್ಲೇ ಸಾರುವೆ ಏರುತ್ತಿರುವುದೂ ಉಂಟು. ಇದನ್ನು ಕಾರ್ಮಿಕರ ಅಲಕ್ಷ್ಯವೆಂದು ಹೇಳಿಬಿಡುವುದು ಸುಲಭ. ವಿಚಾರಿಸಿ ನೋಡಿದರೆ ಬರುವ ಉತ್ತರಗಳು ಬೇರೆ: ಬೂಟು ಕಚ್ಚುತ್ತದೆ, ಭಾರವಾಗುತ್ತದೆ, ಒಳಗೆ ಕಾಲು ಬೇಯುತ್ತದೆ.

ಈ ಉತ್ತರಗಳಲ್ಲಿ ಸತ್ಯಾಂಶವಿದೆ. ಧರಿಸದ ಬೂಟು ಎಷ್ಟೇ ಗಟ್ಟಿಯಾಗಿದ್ದರೂ ಕಾಲನ್ನು ಕಾಯಲಾರದು. ಕಚ್ಚುವ ಬೂಟನ್ನು ಯಾರೂ ಬಹುಕಾಲ ಧರಿಸಲಾರರು. ಆದುದರಿಂದ ಬೂಟಿನ ವಿಷಯದಲ್ಲಿ ಮೊದಲನೆಯ ಗುಣ ಅದು ಕಾಲಿಗೆ ಸರಿಹೊಂದುವುದು. ಉಳಿದ ಗುಣಗಳೆಲ್ಲ ಅದರ ನಂತರದವು. ಒಂದು ಕಾಲ್ಬೆರಳು ಜಜ್ಜಿಹೋದರೆ, ಒಂದು ತುಕ್ಕು ಮೊಳೆ ಪಾದವನ್ನು ಹೊಕ್ಕರೆ, ದಿನಗೂಲಿಯನ್ನೇ ನಂಬಿದ ಸಂಸಾರದ ಒಲೆ ವಾರಗಟ್ಟಲೆ ಆರಿರಬಹುದು. ಬೂಟು ಸನಿಕೆ, ಕರಣಿಗಳಂತೆಯೇ ಒಂದು ಉಪಕರಣ. ಅದನ್ನು ಅರಿತು ಆರಿಸಿ, ಕ್ರಮವರಿತು ಧರಿಸಿ, ಆರೈಕೆ ಮಾಡುವುದು ಹೇಗೆಂಬುದನ್ನು ಇಲ್ಲಿ ವಿವರಿಸಲಾಗಿದೆ.

ಚರ್ಮವೇ ಏಕೆ?

ಪ್ರಾಣಿಯ ಹಸಿ ತೊಗಲು ಕೊಲ್ಯಾಜೆನ್ ಎಂಬ ಪ್ರೋಟೀನಿನ ಎಳೆಗಳಿಂದ ಹೆಣೆದುಕೊಂಡಿರುತ್ತದೆ. ಹಾಗೆಯೇ ಬಿಟ್ಟರೆ ಅದು ಕೊಳೆಯುತ್ತದೆ. ತಂಗಡಿಯಂತಹ ಗಿಡಗಳ ತೊಗಟೆಯ ಸಾರದಿಂದಲೋ ಕ್ರೋಮಿಯಂ ಲವಣಗಳಿಂದಲೋ ಹದ ಮಾಡಿದಾಗ ಆ ಎಳೆಗಳು ಸ್ಥಿರಗೊಂಡು ತೊಗಲು ಚರ್ಮವಾಗುತ್ತದೆ. ಕೆಲಸದ ಬೂಟುಗಳ ಮೇಲ್ಭಾಗಕ್ಕೆ ಬಹುಮಟ್ಟಿಗೆ ಬಳಕೆಯಾಗುವುದು ಕ್ರೋಮಿಯಂನಿಂದ ಹದಗೊಳಿಸಿದ ಚರ್ಮ. ಅದು ಮೃದುವಾಗಿಯೂ ಶಾಖವನ್ನು ಹೆಚ್ಚಾಗಿ ತಾಳಿಕೊಳ್ಳುವಂತಹುದಾಗಿಯೂ ಇರುತ್ತದೆ. ಚರ್ಮದ ಕುರಿತ ಸಂಶೋಧನೆಗಾಗಿಯೇ 1948ರಲ್ಲಿ ಮದರಾಸಿನಲ್ಲಿ, ಅಂದರೆ ಇಂದಿನ ಚೆನ್ನೈಯಲ್ಲಿ, ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆಯು ಸ್ಥಾಪನೆಗೊಂಡಿತು.

ಚರ್ಮದ ಎಳೆಗಳ ನಡುವೆ ಸೂಕ್ಷ್ಮವಾದ ಅವಕಾಶಗಳಿರುತ್ತವೆ. ಕಾಲಿನ ಬೆವರಿನ ಆವಿ ಅವುಗಳ ಮೂಲಕ ಹೊರಹೋಗಬಲ್ಲದು. ದಿನ ಕಳೆದಂತೆ ಚರ್ಮವು ಧರಿಸುವವರ ಪಾದದ ಆಕಾರಕ್ಕೆ ಒಗ್ಗಿಕೊಳ್ಳುತ್ತದೆ. ರೆಕ್ಸಿನ್‌ನಂತಹ ಕೃತಕ ಹೊದಿಕೆಗಳಲ್ಲಿ ಈ ಗುಣಗಳು ಚರ್ಮದಷ್ಟು ಇರುವುದಿಲ್ಲ. ತೊಗಲಿನ ಮೇಲ್ಪದರವನ್ನು ಉಳಿಸಿಕೊಂಡ ಚರ್ಮವು ಹೆಚ್ಚು ಬಾಳಿಕೆ ಬರುತ್ತದೆ. ಸೀಳಿದ ಕೆಳಪದರದ ಮೇಲೆ ಪ್ಲಾಸ್ಟಿಕ್ಕಿನ ಲೇಪ ಬಳಿದು ಮಾರುವ ಅಗ್ಗದ ಸರಕು ಹೊಸದರಲ್ಲಿ ಹೊಳೆದರೂ ಮಡಿಕೆ ಬೀಳುವ ಕಡೆ ಬೇಗನೆ ಬಿರಿದು ಸುಲಿಯುತ್ತದೆ. ಕೊಳ್ಳುವಾಗ ಬೂಟನ್ನು ಬೆರಳು ಮಡಚುವ ಜಾಗದಲ್ಲಿ ಬಗ್ಗಿಸಿ ನೋಡಬೇಕು. ಒಳ್ಳೆಯ ಚರ್ಮದಲ್ಲಿ ಸಣ್ಣ ನಿರಿಗೆಗಳು ಮೂಡಿ ಮರೆಯಾಗುತ್ತವೆ. ಲೇಪದ ಸರಕಿನಲ್ಲಿ ಗೆರೆ ಹಾಗೆಯೇ ನಿಲ್ಲುತ್ತದೆ.

ಕೆಲಸಕ್ಕೆ ತಕ್ಕ ಬೂಟು

ಎಲ್ಲ ಕೆಲಸಕ್ಕೂ ಒಂದೇ ಬೂಟು ಸಲ್ಲದು. ಭಾರವಾದ ವಸ್ತುಗಳು ಬೀಳುವ ಸಂಭವವಿರುವಲ್ಲಿ ಬೆರಳುಗಳ ಮೇಲೆ ಉಕ್ಕಿನ ಅಥವಾ ಗಟ್ಟಿಯಾದ ಸಂಯುಕ್ತ ವಸ್ತುವಿನ ಕವಚವಿರುವ ಸುರಕ್ಷಾ ಬೂಟು ಬೇಕು. ಐ.ಎಸ್. 15298 ಎಂಬ ಭಾರತೀಯ ಮಾನಕದ 2ನೆಯ ಭಾಗದಂತೆ ಈ ಕವಚವು 200 ಜೂಲ್‌ಗಳ ಹೊಡೆತವನ್ನು ತಡೆಯತಕ್ಕದ್ದು. ಸುಮಾರು 20 ಕಿಲೋಗ್ರಾಂ ತೂಕದ ವಸ್ತು ಒಂದು ಮೀಟರ್ ಎತ್ತರದಿಂದ ಬಿದ್ದಾಗ ಆಗುವ ಹೊಡೆತವಿದು. ಇಂತಹ ಕವಚ ಬಾಗಿದರೆ ಅದೇ ಬೆರಳುಗಳನ್ನು ಕತ್ತರಿಸಿಬಿಡುತ್ತದೆ ಎಂಬ ಭಯ ಕೆಲವರಲ್ಲಿದೆ. ಕವಚವನ್ನೇ ಬಾಗಿಸುವಷ್ಟು ಭಾರವು ಬರಿಗಾಲಿನ ಮೇಲೆ ಬಿದ್ದಿದ್ದರೆ ಬೆರಳುಗಳು ಉಳಿಯುತ್ತಿದ್ದವೇ ಎಂದು ಯೋಚಿಸಿದರೆ ಈ ಭಯ ದೂರವಾಗುತ್ತದೆ.

ಸೆಂಟ್ರಿಂಗ್ ಹಲಗೆಗಳನ್ನು ಕಿತ್ತೆಸೆದ ಕಡೆ ಮೊಳೆಗಳ ಅಪಾಯ ಹೆಚ್ಚು. ಅಲ್ಲಿ ಅಟ್ಟೆಯೊಳಗೆ ಮೊಳೆ ತಡೆಯುವ ಪದರವಿರುವ ಬೂಟನ್ನೇ ಕೇಳಿ ಪಡೆಯಬೇಕು. ಬಿಸಿ ಲೋಹ, ಬಿಸಿ ಡಾಂಬರಿನ ಕೆಲಸದವರಿಗೆ ಶಾಖ ತಾಳುವ ರಬ್ಬರಿನ ಅಟ್ಟೆ ಬೇಕು. ಈ ವರ್ಗದ ಅಟ್ಟೆಯನ್ನು 300 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಒಂದು ನಿಮಿಷ ಇರಿಸಿ ಪರೀಕ್ಷಿಸಲಾಗುತ್ತದೆ. ಪಾಲಿಯುರಿಥೇನ್ ಅಟ್ಟೆ ಹಗುರವಾದುದು, ಆದರೆ ಅಂತಹ ಶಾಖಕ್ಕೆ ಒದಗದು. ಹಸಿ ಕಾಂಕ್ರೀಟಿನಲ್ಲಿ ನಿಂತು ಮಾಡುವ ಕೆಲಸಕ್ಕೆ ಚರ್ಮದ ಬೂಟು ಸರ್ವಥಾ ಯೋಗ್ಯವಲ್ಲ. ಸಿಮೆಂಟಿನ ತೀವ್ರ ಕ್ಷಾರವು ಬೂಟಿನೊಳಕ್ಕೆ ಇಳಿದರೆ ಕಾಲಿನ ಚರ್ಮ ಸುಟ್ಟು ಆಳವಾದ ಹುಣ್ಣಾಗುತ್ತದೆ. ಆರಂಭದಲ್ಲಿ ನೋವು ತಿಳಿಯದಿರುವುದೂ ಉಂಟು. ಅಲ್ಲಿಗೆ ರಬ್ಬರಿನ ಗಂಬೂಟೇ ಬೇಕು. ಹಾಗೆಯೇ ಸಾಮಾನ್ಯ ಚರ್ಮದ ಬೂಟು ವಿದ್ಯುತ್ ಆಘಾತದಿಂದ ಕಾಯುತ್ತದೆಂದು ನಂಬಬಾರದು.

ಬೂಟಿನ ಮೇಲೆ ಐ.ಎಸ್.ಐ. ಗುರುತು, ಮಾನಕದ ಸಂಖ್ಯೆ ಮತ್ತು ಸಿಎಂ/ಎಲ್ ಎಂದು ಆರಂಭವಾಗುವ ಪರವಾನಗಿ ಸಂಖ್ಯೆ ಇವೆಯೇ ಎಂದು ಪರಿಶೀಲಿಸತಕ್ಕದ್ದು. ಈ ಸಂಖ್ಯೆಯು ನಿಜವೇ ಎಂಬುದನ್ನು ಭಾರತೀಯ ಮಾನಕ ಬ್ಯೂರೋದ ಬಿಐಎಸ್ ಕೇರ್ ಎಂಬ ಮೊಬೈಲ್ ಆ್ಯಪ್‌ನಲ್ಲಿ ಯಾರು ಬೇಕಾದರೂ ನೋಡಿ ತಿಳಿಯಬಹುದು.

ಅಳತೆ

ಬೂಟನ್ನು ಕೊಳ್ಳಲು ಸಂಜೆಯ ಹೊತ್ತು ಪ್ರಶಸ್ತ. ದಿನವಿಡೀ ನಿಂತು ದುಡಿದ ಕಾಲು ಬೆಳಗಿನ ಕಾಲಿಗಿಂತ ಸ್ವಲ್ಪ ಊದಿಕೊಂಡಿರುತ್ತದೆ. ಕೆಲಸದ ವೇಳೆಯಲ್ಲಿ ಧರಿಸುವಂತಹ ದಪ್ಪ ಕಾಲುಚೀಲವನ್ನೇ ಧರಿಸಿ ಅಳತೆ ನೋಡಬೇಕು. ಬಹುಮಂದಿಯಲ್ಲಿ ಒಂದು ಪಾದ ಇನ್ನೊಂದಕ್ಕಿಂತ ತುಸು ದೊಡ್ಡದಿರುತ್ತದೆ. ದೊಡ್ಡ ಪಾದವೇ ಅಳತೆಗೆ ಆಧಾರ. ನಮ್ಮಲ್ಲಿ ರೂಢಿಯಲ್ಲಿರುವ ಇಂಗ್ಲಿಷ್ ಅಳತೆಯಲ್ಲಿ ಒಂದು ನಂಬರಿಗೂ ಮುಂದಿನದಕ್ಕೂ ಇಂಚಿನ ಮೂರನೆಯ ಒಂದು ಭಾಗ, ಅಂದರೆ ಸುಮಾರು ಎಂಟೂವರೆ ಮಿಲಿಮೀಟರ್ ಅಂತರವಿದೆ. ತಯಾರಕರಿಂದ ತಯಾರಕರಿಗೆ ಬೂಟಿನ ಅಚ್ಚು ಬೇರೆಯಾಗುವುದರಿಂದ ನಂಬರನ್ನಷ್ಟೇ ನಂಬದೆ ಎರಡೂ ಕಾಲಿಗೆ ಹಾಕಿಕೊಂಡು ನಡೆದು ನೋಡುವುದು ಅವಶ್ಯ.

ನಿಂತಾಗ ಅತಿ ಉದ್ದದ ಬೆರಳಿನ ಮುಂದೆ ಸುಮಾರು ಒಂದು ಸೆಂಟಿಮೀಟರ್ ಜಾಗ ಉಳಿದಿರಬೇಕು. ಮೆಟ್ಟಿಲಿಳಿಯುವಾಗ ಬೆರಳುಗಳು ಮುಂದಕ್ಕೆ ತಾಗಕೂಡದು. ಹಿಮ್ಮಡಿ ಬಿಗಿಯಾಗಿ ಕುಳಿತಿರಬೇಕು. ಅಗಲದ ವಿಷಯದಲ್ಲಿ ವಿಶೇಷ ಎಚ್ಚರ ಬೇಕು: ಚರ್ಮ ಸಡಿಲಗೊಳ್ಳುತ್ತದೆ, ಉಕ್ಕಿನ ಕವಚ ಎಂದಿಗೂ ಸಡಿಲಗೊಳ್ಳದು. ಅಂಗಡಿಯಲ್ಲಿ ಕಿರುಬೆರಳನ್ನು ಒತ್ತುವ ಕವಚವು ವರ್ಷದ ನಂತರವೂ ಒತ್ತುತ್ತಲೇ ಇರುತ್ತದೆ. ಮಹಿಳಾ ಕಾರ್ಮಿಕರಿಗೆ ಪುರುಷರ ಸಣ್ಣ ನಂಬರಿನ ಬೂಟನ್ನು ಕೊಟ್ಟು ಮುಗಿಸುವ ಪದ್ಧತಿಯೂ ಸರಿಯಲ್ಲ. ಮಹಿಳೆಯರ ಹಿಮ್ಮಡಿ ಸಾಮಾನ್ಯವಾಗಿ ಕಿರಿದಾದುದರಿಂದ ಅಂತಹ ಬೂಟು ಹಿಂದೆ ಜಾರಿ, ಎಡವಲು ಕಾರಣವಾಗುತ್ತದೆ.

ಧರಿಸುವ ಕ್ರಮ

ಹೊಸ ಬೂಟನ್ನು ಮೊದಲ ದಿನವೇ ಎಂಟು ಗಂಟೆಗಳ ಕೆಲಸಕ್ಕೆ ಧರಿಸಿ ಹೋಗುವುದು ತಪ್ಪು. ಮೊದಲು ಬಿಡಾರದಲ್ಲಿ ಒಂದೆರಡು ಗಂಟೆ ಧರಿಸಿ, ದಿನದಿನಕ್ಕೆ ವೇಳೆಯನ್ನು ಹೆಚ್ಚಿಸುತ್ತ ಹೋದರೆ ಚರ್ಮವೂ ಕಾಲೂ ಪರಸ್ಪರ ಒಗ್ಗಿಕೊಳ್ಳುತ್ತವೆ. ಬೇಗ ಮೆತ್ತಗಾಗಲೆಂದು ನೀರಿನಲ್ಲಿ ನೆನೆಸುವುದರಿಂದ ಬೂಟು ಆಕಾರಗೆಡುತ್ತದೆ.

ಧರಿಸುವ ಮುನ್ನ ಬೂಟನ್ನು ಬೋರಲು ಮಾಡಿ ಕೊಡವುವುದನ್ನು ನಿತ್ಯದ ರೂಢಿಯಾಗಿಸಿಕೊಳ್ಳಬೇಕು. ನೆಲದ ಮೇಲಿಟ್ಟ ಬೂಟಿನ ಕತ್ತಲೆಯಲ್ಲಿ ಚೇಳು ಅಡಗಿರಬಹುದು. ಮೊಳೆ, ಜಲ್ಲಿಯ ಚೂರುಗಳೂ ಇರಬಹುದು. ಅನಂತರ ಹಿಮ್ಮಡಿಯನ್ನು ನೆಲಕ್ಕೆ ತಟ್ಟಿ ಹಿಂದಕ್ಕೆ ಕೂರಿಸಿ, ಲೇಸನ್ನು ಕೆಳಗಿನಿಂದ ಮೇಲಕ್ಕೆ ಒಂದೇ ಸಮನಾಗಿ ಬಿಗಿಯಬೇಕು. ಲೇಸು ಕಟ್ಟದೆ ಹಿಮ್ಮಡಿಯನ್ನು ತುಳಿದು ಚಪ್ಪಲಿಯಂತೆ ಎಳೆದಾಡಿದ ಬೂಟು ಕಣಕಾಲಿಗೆ ಆಸರೆಯಾಗದು. ಕಾಲುಚೀಲವನ್ನು ದಿನವೂ ಬದಲಿಸುವುದು, ಕಾಲು ತೊಳೆದ ಮೇಲೆ ಬೆರಳ ಸಂದುಗಳನ್ನು ಚೆನ್ನಾಗಿ ಒರೆಸುವುದು ಶಿಲೀಂಧ್ರದ ತುರಿಕೆಯನ್ನು ದೂರವಿರಿಸುತ್ತದೆ. ಸಕ್ಕರೆ ಕಾಯಿಲೆಯಿರುವವರಿಗೆ ಪಾದದ ಸ್ಪರ್ಶಜ್ಞಾನ ಕುಗ್ಗಿರಬಹುದು. ಗುಳ್ಳೆ ಎದ್ದರೂ ಅವರಿಗೆ ತಿಳಿಯದಾದ್ದರಿಂದ ಪ್ರತಿ ಸಂಜೆ ಪಾದದ ಅಡಿಯನ್ನು ಕಣ್ಣಾರೆ ಪರೀಕ್ಷಿಸಿಕೊಳ್ಳುವುದು ಅತ್ಯವಶ್ಯಕ.

ನಿತ್ಯದ ಆರೈಕೆ

ಚರ್ಮದ ಮುಖ್ಯ ಶತ್ರುಗಳು ಮೂರು: ಕ್ಷಾರ, ತೀವ್ರ ಶಾಖ ಮತ್ತು ನಿಂತ ತೇವ. ಕೆಲಸ ಮುಗಿದೊಡನೆ ಮಣ್ಣನ್ನು ಬ್ರಷ್ಷಿನಿಂದ ತೆಗೆದು ಒದ್ದೆ ಬಟ್ಟೆಯಿಂದ ಒರೆಸಬೇಕು. ಸಿಮೆಂಟು, ಸುಣ್ಣ ತಾಗಿದ್ದರೆ ಒಣಗಲು ಬಿಡದೆ ತೊಳೆದುಬಿಡಬೇಕು. ನೆನೆದ ಬೂಟಿನ ಒಳ ಅಟ್ಟೆಯನ್ನು ಹೊರತೆಗೆದು, ಒಳಗೆ ಹಳೆಯ ವೃತ್ತಪತ್ರಿಕೆಯ ಉಂಡೆಗಳನ್ನು ತುಂಬಿ, ಗಾಳಿಯಾಡುವ ನೆರಳಿನಲ್ಲಿ ಒಣಗಿಸಬೇಕು. ಕಾಗದ ಒದ್ದೆಯಾದಂತೆ ಬದಲಿಸಬೇಕು. ಒಲೆಯ ಪಕ್ಕದಲ್ಲಿಯೋ ಉರಿಬಿಸಿಲಿನ ತಗಡಿನ ಮೇಲೆಯೋ ಇಟ್ಟರೆ ಒದ್ದೆ ಚರ್ಮದ ಎಳೆಗಳು ಸಂಕೋಚಗೊಂಡು ಗಡುಸಾಗುತ್ತವೆ. ಹಾಗೆ ಸುಟ್ಟ ಚರ್ಮವನ್ನು ಯಾವ ಎಣ್ಣೆಯೂ ಮರಳಿ ಮೆತ್ತಗೆ ಮಾಡಲಾರದು.

ಚರ್ಮ ಒಣಗಿದ ಮೇಲೆ ವಾರಕ್ಕೊಮ್ಮೆ ಮೇಣದ ಪಾಲಿಷನ್ನು ತೆಳುವಾಗಿ ಬಳಿದು ಉಜ್ಜಿದರೆ ಮಡಿಕೆಗಳು ಬಿರಿಯುವುದಿಲ್ಲ, ನೀರೂ ಬೇಗ ಇಳಿಯುವುದಿಲ್ಲ. ಹೊಲಿಗೆಯ ಸಾಲಿಗೆ ತುಸು ಹೆಚ್ಚು ಗಮನ ಕೊಡಬೇಕು. ಉಪಯೋಗಿಸಿದ ಎಂಜಿನ್ ಎಣ್ಣೆ, ಸೀಮೆಎಣ್ಣೆ, ಪೆಟ್ರೋಲುಗಳನ್ನು ಎಂದೂ ಬಳಿಯಬಾರದು. ಅವು ಚರ್ಮದೊಳಗಿನ ಜಿಡ್ಡನ್ನು ಹೀರಿ, ಅಟ್ಟೆಯ ಅಂಟನ್ನು ಸಡಿಲಗೊಳಿಸುತ್ತವೆ. ಮಖಮಲ್ಲಿನಂತೆ ನವಿರಾದ ಮೇಲ್ಮೈಯ ಬೂಟಿಗೆ ಮೇಣದ ಪಾಲಿಷ್ ಸಲ್ಲದು. ಒಣ ಬ್ರಷ್ಷೇ ಸಾಕು.

ಮಳೆಗಾಲದಲ್ಲಿ, ವಿಶೇಷವಾಗಿ ಮುಂಬಯಿಯಂತಹ ಸಮುದ್ರತೀರದ ನಗರಗಳಲ್ಲಿ, ಬೂಟಿಗೆ ಬೂಷ್ಟು ಹಿಡಿಯುವುದು ಸಾಮಾನ್ಯ. ಅದನ್ನು ಮನೆಯ ಹೊರಗೆ ಬ್ರಷ್ಷಿನಿಂದ ಕೊಡವಿ, ಒರೆಸಿ, ಒಣಗಿಸಿ ಪಾಲಿಷ್ ಮಾಡಬೇಕು. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡುವುದು ಬೂಷ್ಟಿಗೆ ಆಹ್ವಾನವಿತ್ತಂತೆ. ಪಾಲಿಯುರಿಥೇನ್ ಅಟ್ಟೆಗಳು ಗಾಳಿಯ ತೇವದಿಂದ ಒಳಗೊಳಗೇ ಶಿಥಿಲವಾಗುತ್ತವೆ. ವರ್ಷಗಟ್ಟಲೆ ಪೆಟ್ಟಿಗೆಯಲ್ಲಿಟ್ಟ ‘ಹೊಸ’ ಬೂಟಿನ ಅಟ್ಟೆ ನಾಲ್ಕು ಹೆಜ್ಜೆಗೆ ಪುಡಿಯಾಗಿ ಉದುರುವುದಕ್ಕೆ ಇದೇ ಕಾರಣ. ಆದುದರಿಂದ ತಯಾರಾದ ತಿಂಗಳು, ವರ್ಷವನ್ನು ನೋಡಿ ಕೊಳ್ಳಬೇಕು. ಅನುಕೂಲವಿದ್ದರೆ ಎರಡು ಜೊತೆಗಳನ್ನು ದಿನ ಬಿಟ್ಟು ದಿನ ಧರಿಸುವುದು ಮೇಲು. ಒಳಗಿನ ಬೆವರು ಆರಲು ಒಂದು ರಾತ್ರಿ ಸಾಲದು.

ಬದಲಿಸುವ ಕಾಲ

ಅಟ್ಟೆಯ ಕಚ್ಚುಗಳು ಸವೆದು ನುಣುಪಾದಾಗ, ಅಟ್ಟೆ ಬಿರಿದಾಗ, ಉಕ್ಕಿನ ಕವಚ ಹೊರಗೆ ಕಂಡಾಗ ಬೂಟನ್ನು ಬದಲಿಸಬೇಕು. ಕವಚದ ಮೇಲೆ ಒಮ್ಮೆ ಭಾರವಾದ ವಸ್ತು ಬಿದ್ದಿದ್ದರೆ ಹೊರನೋಟಕ್ಕೆ ಏನೂ ಕಾಣದಿದ್ದರೂ ಆ ಬೂಟಿನ ಕೆಲಸ ಮುಗಿಯಿತೆಂದೇ ತಿಳಿಯಬೇಕು. ಮತ್ತೊಮ್ಮೆ ಬಿದ್ದಾಗ ಅದು ಕಾಯುವುದೆಂಬ ಭರವಸೆಯಿಲ್ಲ. ಬಿಟ್ಟ ಹೊಲಿಗೆ, ಹರಿದ ಲೇಸು, ಸವೆದ ಒಳ ಅಟ್ಟೆಗಳನ್ನು ಕಡಿಮೆ ಖರ್ಚಿನಲ್ಲಿ ಸರಿಪಡಿಸಿಕೊಳ್ಳಬಹುದು.

ಹೊಣೆ ಯಾರದು?

ಗಣಿ ಕಾರ್ಮಿಕರಿಗೆ ರಕ್ಷಕ ಪಾದರಕ್ಷೆಯನ್ನು ಉಚಿತವಾಗಿ ಒದಗಿಸಬೇಕೆಂದು 1957ರ ಕಲ್ಲಿದ್ದಲು ಗಣಿ ವಿನಿಯಮಗಳಲ್ಲೇ ವಿಧಿಸಲಾಗಿತ್ತು. 2025ರ ನವೆಂಬರ್ 21ರಿಂದ ಜಾರಿಗೆ ಬಂದ, 2020ರ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿಗಳ ಸಂಹಿತೆಯ ಪ್ರಕಾರ, ಕೆಲಸದ ಸ್ಥಳದಲ್ಲಿ ಸುರಕ್ಷತೆಗಾಗಿ ಒದಗಿಸುವ ಯಾವುದೇ ವ್ಯವಸ್ಥೆಗೆ ಉದ್ಯೋಗಿಯಿಂದ ಹಣ ವಸೂಲು ಮಾಡುವಂತಿಲ್ಲ. ಅಂತೆಯೇ ತನ್ನ ಸುರಕ್ಷತೆಯ ಬಗ್ಗೆ ಸೂಕ್ತ ಎಚ್ಚರ ವಹಿಸುವುದು ಉದ್ಯೋಗಿಯ ಕರ್ತವ್ಯವೂ ಆಗಿದೆ.

ಆದರೆ ಒಂದೇ ಅಳತೆಯ ಬೂಟುಗಳ ಮೂಟೆಯನ್ನು ತಂದು ಸುರಿದು ಸಹಿ ಪಡೆದ ಮಾತ್ರಕ್ಕೆ ಕೊಡುವವರ ಹೊಣೆ ತೀರಿದಂತಾಗದು. ಕೊಟ್ಟ ಬೂಟನ್ನು ಮೂಲೆಯಲ್ಲಿಟ್ಟರೆ ಪಡೆದವರಿಗೆ ಪ್ರಯೋಜನವೂ ಇಲ್ಲ. ಕಚ್ಚುವ ಬೂಟನ್ನು ಸಹಿಸಿಕೊಳ್ಳದೆ, ಕಳಚಿ ಎಸೆಯದೆ, ಸರಿಯಾದ ಅಳತೆಯದನ್ನು ಮೇಸ್ತ್ರಿಯಿಂದಲೋ ಮೇಲ್ವಿಚಾರಕರಿಂದಲೋ ಕೇಳಿ ಪಡೆಯುವುದರಲ್ಲಿ ಸಂಕೋಚ ಬೇಕಿಲ್ಲ. ಬೆಳಿಗ್ಗೆ ಬಿಡಾರದಿಂದ ಹೊರಟ ಕಾಲುಗಳು ಸಂಜೆ ಅಷ್ಟೇ ಕ್ಷೇಮವಾಗಿ ಮರಳಬೇಕು. ಸರಿಹೊಂದುವ ಒಂದು ಜೊತೆ ಬೂಟು ಮತ್ತು ದಿನಕ್ಕೆ ಹತ್ತು ನಿಮಿಷಗಳ ಆರೈಕೆ ಅದಕ್ಕೆ ಸಲ್ಲಿಸಬೇಕಾದ ಅಲ್ಪ ಬೆಲೆ.